ಕುಂಡದ ಮಣ್ಣಿಗೂ ಒಂದು ಚರಿತ್ರೆ

ಬೆಂಗಳೂರಿನ ಯಾವುದಾದರೂ ನರ್ಸರಿಯಿಂದ ಒಂದು ಮಾನ್‌ಸ್ಟೆರಾವನ್ನೋ ಆಂಥೂರಿಯಮ್ ಗಿಡವನ್ನೋ ತಂದು ಕುಂಡವನ್ನು ಬೋರಲು ಹಾಕಿ ನೋಡಿ. ನಾವು ಮಣ್ಣು ಎಂದು ಕರೆಯುವ ವಸ್ತು ಅದರಲ್ಲಿ ಅಷ್ಟಾಗಿ ಇರುವುದಿಲ್ಲ. ತೆಂಗಿನ ನಾರಿನ ಪುಡಿ, ಅರಳಿನಂತೆ ಬೆಳ್ಳಗಿರುವ ಪರ್ಲೈಟ್, ಒಂದಿಷ್ಟು ತೊಗಟೆಯ ಚೂರು ಅಥವಾ ಇದ್ದಿಲು, ಇಷ್ಟೇ. ಇದನ್ನು ಕಂಡ ಮನೆಯ ಹಿರಿಯರು 'ಇದರಲ್ಲಿ ಸತ್ವ ಏನಿದೆ?' ಎಂದು ಕೇಳಿ, ಎಲ್ಲವನ್ನೂ ಕೊಡವಿ, ಕೆಂಪು ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬುವುದುಂಟು. ಒಂದೆರಡು ತಿಂಗಳಲ್ಲಿ ಎಲೆ ಹಳದಿಯಾಗುತ್ತದೆ. ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತಿರುತ್ತದೆ.

ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಅತಿ ಶ್ರೀಮಂತರ ತೋಟಗಳಲ್ಲೂ ಉಷ್ಣವಲಯದ ಗಿಡಗಳು ಹೀಗೆಯೇ ಸತ್ತವು. ಲೆಕ್ಕವಿಲ್ಲದಷ್ಟು ಸತ್ತವು. ಈಗ ಚೀಲಗಳಲ್ಲಿ ಮಾರಾಟವಾಗುವ 'ಪಾಟಿಂಗ್ ಮಿಕ್ಸ್' ಆ ಸಾವುಗಳಿಂದ ಕಲಿತ ಪಾಠಗಳಲ್ಲಿ ಹುಟ್ಟಿದ್ದು.

ಹೆಚ್ಚು ಸತ್ತವು ಆರ್ಕಿಡ್‌ಗಳು. 19ನೇ ಶತಮಾನದ ಮೊದಲ ದಶಕಗಳಲ್ಲಿ ಕೆರಿಬಿಯನ್ ದ್ವೀಪಗಳಿಂದ, ಬ್ರೆಜಿಲ್‌ನಿಂದ, ಭಾರತದಿಂದ ಹಡಗುಗಳಲ್ಲಿ ಅವು ಲಂಡನ್ನಿಗೆ ಬರುತ್ತಿದ್ದವು. ಗಿಡವೆಂದರೆ ನೆಲದಲ್ಲಿ ಬೇರು ಬಿಡುವ ವಸ್ತು, ಉಷ್ಣದೇಶವೆಂದರೆ ಬೇಯುವ ಕಾಡು ಎಂದೇ ಅಲ್ಲಿನ ತೋಟಗಾರರು ತಿಳಿದಿದ್ದರು. ಹಾಗಾಗಿ ಕುಂಡಕ್ಕೆ ಕೊಬ್ಬಿದ ಮಣ್ಣು ತುಂಬಿ, ಚರ್ಮ ಹದಮಾಡುವವರು ಬಳಸಿ ಬಿಸಾಡಿದ ತೊಗಟೆಯ ರಾಶಿಯಲ್ಲಿ ಅದನ್ನು ಹೂಳುತ್ತಿದ್ದರು. ತೊಗಟೆ ಹುದುಗಿ ಬಿಸಿಯಾಗುತ್ತಿತ್ತು. ಸುತ್ತ ಮುಚ್ಚಿದ ಗಾಜು, ಒಳಗೆ ಕಲ್ಲಿದ್ದಲಿನ ಕಾವು. ಆ ಕಾಲದ ದೊಡ್ಡ ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿಯೇ 1830ರ ಸುಮಾರಿಗೆ ಕಡು ಶಾಖ, ದಟ್ಟ ತೇವ, ಗಾಢ ನೆರಳು ಕೊಡಬೇಕೆಂದು ಬರೆದಿದ್ದ. ಗಿಡದ ಊರನ್ನು ನೋಡದೆಯೇ ಅದರ ಊಟವನ್ನು ನಿರ್ಧರಿಸಿದಂತಾಗಿತ್ತು.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೀತಾಳೆ ದಂಡೆ ಇರುವುದು ಹಲಸಿನ ಕೊಂಬೆಯ ಮೇಲೆ. ಇಂಗ್ಲಿಷ್ ತೋಟಗಾರರು ಬಹುಕಾಲ ಇಂಥ ಗಿಡಗಳನ್ನು ಪರಾವಲಂಬಿ ಎಂದು ಕರೆದರು. ನಮ್ಮಲ್ಲಿ ಬಂದಳಿಕೆ ಬೇರೆ, ಸೀತಾಳೆ ಬೇರೆ. ಬಂದಳಿಕೆ ಮರದ ಒಳಕ್ಕೆ ಇಳಿದು ಹೀರುತ್ತದೆ, ಸೀತಾಳೆ ಸುಮ್ಮನೆ ಕೂತಿರುತ್ತದೆ. ಅದರ ಬೇರಿಗೆ ಸ್ಪಂಜಿನಂಥ ಬಿಳಿಯ ಹೊದಿಕೆ ಇದೆ. ಮಳೆ ಬಂದಾಗ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಳೆ ನಿಂತು ಗಾಳಿ ಬೀಸಿದರೆ ಬೇಗ ಒಣಗುತ್ತದೆ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು: ಆ ಬೇರಿನ ದಿನಚರಿ ಇದು. ಮಾನ್‌ಸ್ಟೆರಾ, ಫಿಲೋಡೆಂಡ್ರಾನ್, ಮನಿ ಪ್ಲಾಂಟ್‌ಗಳು ಇಷ್ಟು ಕಟ್ಟುನಿಟ್ಟಿನವಲ್ಲ. ಆದರೂ ಅವು ಮರವನ್ನು ಅಪ್ಪಿ ಹತ್ತುವ ಜಾತಿಯವು. ಕಾಡಿನ ನೆಲದ ಸಡಿಲವಾದ ತರಗೆಲೆಯಲ್ಲಿ ಒಂದು ಕಾಲು, ತೊಗಟೆಯ ಮೇಲೆ ಇನ್ನೊಂದು.

ಇಂಗ್ಲೆಂಡಿನಲ್ಲಿ ಇದು ನಿಧಾನಕ್ಕೆ ಅರ್ಥವಾಯಿತು. ಜೋಸೆಫ್ ಬ್ಯಾಂಕ್ಸ್ 1810ರ ದಶಕದಲ್ಲೇ ಕಡ್ಡಿಯ ಬುಟ್ಟಿಗಳಲ್ಲಿ ಪಾಚಿ ಹಾಸಿ ಆರ್ಕಿಡ್ ಬೆಳೆಸಿ ತೋರಿಸಿದ್ದ, ಬಹಳ ಜನ ಅನುಸರಿಸಲಿಲ್ಲ. ದೊಡ್ಡ ತಿರುವು ಬಂದದ್ದು ಚಾಟ್ಸ್‌ವರ್ತ್‌ನಲ್ಲಿ, ಡೆವನ್‌ಶೈರ್ ಡ್ಯೂಕನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್‌ನಿಂದ. ಅವನು 1835ರಲ್ಲಿ ತನ್ನ ಕೈಕೆಳಗಿನ ಜಾನ್ ಗಿಬ್ಸನ್ ಎಂಬ ಯುವಕನನ್ನು ಭಾರತಕ್ಕೆ ಕಳಿಸಿದ. ಗಿಬ್ಸನ್ ಖಾಸಿ ಬೆಟ್ಟಗಳಲ್ಲಿ ಅಲೆದು 1837ರಲ್ಲಿ ಆರ್ಕಿಡ್‌ಗಳೊಂದಿಗೆ ಮರಳಿದ. ಡೆಂಡ್ರೋಬಿಯಂ ಗಿಬ್ಸೋನಿ ಎಂಬ ಹೆಸರು ಅವನದೇ. ಖಾಸಿ ಬೆಟ್ಟಗಳು ಕುದಿಯುವ ಕಡಾಯಿಯಲ್ಲ, ಮಂಜು ಮತ್ತು ಗಾಳಿಯ ಜಾಗ. ಪ್ಯಾಕ್ಸ್‌ಟನ್ ತನ್ನ ಗಾಜಿನ ಮನೆಗಳ ಕಾವು ಇಳಿಸಿದ, ಕಿಟಕಿ ತೆರೆದ, ಗಿಡದ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಂಡ. ಮುಂದಿನ ದಶಕಗಳಲ್ಲಿ ಆರ್ಕಿಡ್ ಕುಂಡದಿಂದ ಮಣ್ಣು ಮೆಲ್ಲಗೆ ಮಾಯವಾಗಿ ಮಡಕೆ ಚೂರು, ಪಾಚಿ, ಜರೀಗಿಡದ ನಾರು ಬಂದವು. ಇದೇ ಪ್ಯಾಕ್ಸ್‌ಟನ್ 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದವನು. ಅದರ ಮಾದರಿಯಲ್ಲಿ 1889ರಲ್ಲಿ ಅಡಿಗಲ್ಲು ಹಾಕಿಸಿಕೊಂಡ ಲಾಲ್‌ಬಾಗಿನ ಗಾಜಿನ ಮನೆಗೆ ಸುತ್ತ ಗೋಡೆಯೇ ಇಲ್ಲ. ಬೆಂಗಳೂರಿನ ಗಿಡಗಳಿಗೆ ಒಲೆ ಬೇಕಿರಲಿಲ್ಲ.

ಆದರೆ ಇವು ಒಂದು ಜಾತಿಯ ಗಿಡಗಳ ಕತೆಯಾಯಿತು. ಉಳಿದ ಕುಂಡಗಳ ವಿಷಯದಲ್ಲಿ 20ನೇ ಶತಮಾನದವರೆಗೂ ಮಣ್ಣಿನ ಮಿಶ್ರಣ ಆಯಾ ತೋಟಗಾರನ ಗುಟ್ಟಾಗಿತ್ತು. ಒಂದೊಂದು ಗಿಡಕ್ಕೆ ಒಂದೊಂದು ಗುಡ್ಡೆ, ಕೈಯಲ್ಲಿ ಹಿಂಡಿ ನೋಡಿ ಹೇಳುವ ಹದ. ಈ ಗುಟ್ಟನ್ನು ಒಡೆದದ್ದು ಲಂಡನ್ ಹತ್ತಿರದ ಮರ್ಟನ್‌ನಲ್ಲಿದ್ದ ಜಾನ್ ಇನ್ಸ್ ತೋಟಗಾರಿಕಾ ಸಂಸ್ಥೆ. 1910ರಲ್ಲಿ ಶುರುವಾದ ಅದರ ಮೊದಲ ನಿರ್ದೇಶಕ ವಿಲಿಯಂ ಬೇಟ್ಸನ್ ತಳಿವಿಜ್ಞಾನಿ. ತಳಿ ಪ್ರಯೋಗಕ್ಕೆ ಎಲ್ಲ ಸಸಿಗಳೂ ಒಂದೇ ಪರಿಸ್ಥಿತಿಯಲ್ಲಿ ಬೆಳೆಯಬೇಕು. ಆದರೆ 1930ರ ದಶಕದ ಆರಂಭದಲ್ಲಿ ಅಲ್ಲಿನ ಪ್ರಿಮುಲಾ ಸಸಿಗಳು ರಾಶಿರಾಶಿಯಾಗಿ ಸತ್ತವು. ವಿಲಿಯಂ ಲಾರೆನ್ಸ್ ಮತ್ತು ಜಾನ್ ನ್ಯೂವೆಲ್ ವರ್ಷಗಟ್ಟಲೆ ಮಿಶ್ರಣಗಳನ್ನು ಪರೀಕ್ಷಿಸಿ ಒಂದು ಸೂತ್ರಕ್ಕೆ ಬಂದರು: ಹಬೆಯಲ್ಲಿ ಶುದ್ಧ ಮಾಡಿದ ಗೋಡು ಮಣ್ಣು 7 ಪಾಲು, ಪೀಟ್ 3 ಪಾಲು, ಮರಳು 2 ಪಾಲು, ಮೇಲೆ ಅಳತೆಯ ಗೊಬ್ಬರ. ಸಂಸ್ಥೆ ಇದನ್ನು ಮಾರಲಿಲ್ಲ. ಸೂತ್ರವನ್ನು ಪ್ರಕಟಿಸಿ ಯಾರು ಬೇಕಾದರೂ ಮಾಡಿಕೊಳ್ಳಿ ಎಂದಿತು. ಪ್ಯಾಕ್ಸ್‌ಟನ್ ಬಗ್ಗೆ ಪುಸ್ತಕಗಳೇ ಇವೆ. ಲಾರೆನ್ಸ್ ಅಷ್ಟೇ ದೊಡ್ಡವನು ಎಂದು ನನಗನಿಸುತ್ತದೆ.

ಗೋಡು ಮಣ್ಣು ಭಾರ, ಒಂದು ಊರಿನದು ಇನ್ನೊಂದು ಊರಿನಂತಿರುವುದಿಲ್ಲ. 1957ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮರಳು-ಪೀಟ್ ಮಿಶ್ರಣದ ಕೈಪಿಡಿ ತಂದಿತು. 1960ರ ದಶಕದಲ್ಲಿ ಕಾರ್ನೆಲ್‌ನವರು ಮರಳನ್ನೂ ಬಿಟ್ಟು ಪೀಟಿಗೆ ಪರ್ಲೈಟ್, ವರ್ಮಿಕ್ಯುಲೈಟ್ ಬೆರೆಸಿದರು. ಪರ್ಲೈಟ್ ಎಂದರೆ ಜ್ವಾಲಾಮುಖಿಯ ಗಾಜನ್ನು ಕಾಯಿಸಿ ಅರಳಿಸಿದ್ದು, ಭತ್ತದ ಅರಳಿನ ಹಾಗೆಯೇ. ಲಾರಿಯಲ್ಲಿ ಸಾಗಿಸಲು ಹಗುರ, ಯಾವ ಚೀಲ ಒಡೆದರೂ ಒಂದೇ ಗುಣ. ಮನೆಯೊಳಗಿನ ಗಿಡಗಳು ದೊಡ್ಡ ಉದ್ಯಮವಾಗಲು ಇದೂ ಒಂದು ಕಾರಣ.

ಹೊಲದಲ್ಲಿ ಬಂಗಾರದಂಥ ಮಣ್ಣು ಕುಂಡದಲ್ಲಿ ಏಕೆ ಸೋಲುತ್ತದೆ? ಹೊಲದಲ್ಲಿ ನೀರನ್ನು ಕೆಳಗಿನ ಮಣ್ಣು ಎಳೆದುಕೊಳ್ಳುತ್ತಲೇ ಇರುತ್ತದೆ. ಕುಂಡದಲ್ಲಿ ಮಣ್ಣು ಗೇಣುದ್ದಕ್ಕೆ ಮುಗಿಯುತ್ತದೆ, ತೂತಿದ್ದರೂ ತಳದ ಪದರದಲ್ಲಿ ನೀರು ನಿಲ್ಲುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಅಡ್ಡಲಾಗಿ ಹಿಡಿಯಿರಿ, ತೊಟ್ಟಿಕ್ಕುವುದು ನಿಲ್ಲುತ್ತದೆ. ಉದ್ದಕ್ಕೆ ನಿಲ್ಲಿಸಿ, ಮತ್ತಷ್ಟು ನೀರು ಸುರಿಯುತ್ತದೆ. ಕಣ ಸಣ್ಣದಾದಷ್ಟೂ ನಿಲ್ಲುವ ನೀರಿನ ಎತ್ತರ ಹೆಚ್ಚು, ಬೇರಿಗೆ ಗಾಳಿ ಕಡಿಮೆ. ತಳಕ್ಕೆ ದಪ್ಪಗೆ ಜಲ್ಲಿ ಹಾಕುವುದರಿಂದಲೂ ಪ್ರಯೋಜನವಿಲ್ಲ, ನಿಂತ ನೀರು ಜಲ್ಲಿಯ ಮೇಲಕ್ಕೆ ಸರಿಯುತ್ತದೆ ಅಷ್ಟೇ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು.

ಪೀಟ್ ಬರುವುದು ಉತ್ತರದ ಜೌಗು ನೆಲಗಳಿಂದ. ಅದು ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಕೂಡಿಕೊಳ್ಳುತ್ತದೆ. ಜಗತ್ತಿನ ನೆಲದ ಶೇ. 3ರಷ್ಟಿರುವ ಈ ಜೌಗು ಎಲ್ಲ ಕಾಡುಗಳಿಗಿಂತ ಹೆಚ್ಚು ಇಂಗಾಲವನ್ನು ಹಿಡಿದಿಟ್ಟಿದೆ. ಕೇವಲ ಕುಂಡ ತುಂಬಲು ಅದನ್ನು ಅಗೆಯುವುದು ದುಬಾರಿ ಎಂದು ಕೊನೆಗೆ ಯುರೋಪಿಗೆ ತೋಚಿತು. ಆರ್ಕಿಡ್ ಬೆಳೆಗಾರರಿಗೂ ಮೊದಲೇ ಇಂಥದೇ ಅನುಭವವಾಗಿತ್ತು. ಅಮೆರಿಕದಲ್ಲಿ ಆಸ್ಮಂಡಾ ಜರೀಗಿಡದ ಬೇರು ಸಿಗುವುದು ಕಷ್ಟವಾದಾಗ, 1950ರ ದಶಕದಲ್ಲಿ ಅವರು ಫರ್ ಮರದ ತೊಗಟೆಗೆ ಬಂದರು.

ಪೀಟಿಗೆ ಬದಲಿ ಸಿಕ್ಕಿದ್ದು ತೆಂಗಿನ ಸಿಪ್ಪೆಯಲ್ಲಿ. ವಿಕ್ಟೋರಿಯನ್ ಕಾಲದ ತೋಟಗಾರರು ನಾರಿನ ಕಾರ್ಖಾನೆಗಳ ಕಸವಾಗಿ ಬಂದ ಈ ಪುಡಿಯನ್ನು ಬಳಸುತ್ತಿದ್ದರು, ಆಮೇಲೆ ಮರೆತರು. ಒಂದು ಕಿಲೋ ನಾರು ತೆಗೆದರೆ ಸುಮಾರು ಎರಡು ಕಿಲೋ ಪುಡಿ ಉಳಿಯುತ್ತದೆ. ಲಿಗ್ನಿನ್ ಹೆಚ್ಚಿರುವುದರಿಂದ ಅದು ಬೇಗ ಕೊಳೆಯದೆ ನಾರಿನ ಕಾರ್ಖಾನೆಗಳ ಪಕ್ಕ ಗುಡ್ಡೆಯಾಗುತ್ತಿತ್ತು. ಅದನ್ನು ಅಣಬೆ ಶಿಲೀಂಧ್ರದಿಂದ ಗೊಬ್ಬರವಾಗಿಸುವ ವಿಧಾನವನ್ನು ಕಾಯರ್ ಬೋರ್ಡ್ ಬಳಕೆಗೆ ತಂದಿತು. ಈಗ ಇಟ್ಟಿಗೆಯಂತೆ ಒತ್ತಿದ ಆ ಪುಡಿ ವಿದೇಶದ ಗಾಜಿನ ಮನೆಗಳಿಗೂ ಹೋಗುತ್ತದೆ.

ಕೊಕೊಪೀಟ್ ತಂದವರು ಮೊದಲು ಅದನ್ನು ಎರಡು ಮೂರು ಸಲ ನೆನೆಸಿ ಹಿಂಡಬೇಕು. ಸಿಪ್ಪೆಯಲ್ಲಿ ಸಹಜವಾಗಿ ಪೊಟ್ಯಾಷಿಯಂ, ಸೋಡಿಯಂ ಉಪ್ಪುಗಳಿವೆ, ಹಿನ್ನೀರಿನಲ್ಲಿ ನೆನೆಸಿದ ಸಿಪ್ಪೆಯಾದರೆ ಇನ್ನೂ ಹೆಚ್ಚು. ಎರಡು ಪಾಲು ಪುಡಿಗೆ ಒಂದು ಪಾಲು ತೊಗಟೆ ಅಥವಾ ಇದ್ದಿಲು, ಒಂದು ಪಾಲು ಪರ್ಲೈಟ್ ಸೇರಿಸಿದರೆ ಮಾನ್‌ಸ್ಟೆರಾ ಜಾತಿಯವಕ್ಕೆ ಸರಿ. ಪರ್ಲೈಟ್ ದುಬಾರಿ ಎನಿಸಿದರೆ ಇಟ್ಟಿಗೆಯ ಸಣ್ಣ ಚೂರೂ ಆದೀತು. 'ಸತ್ವ ಏನಿದೆ' ಎಂದು ಕೇಳಿದ ಹಿರಿಯರ ಪ್ರಶ್ನೆ ಸರಿಯಾದದ್ದೇ: ಇದರಲ್ಲಿ ಹೆಚ್ಚೇನೂ ಇಲ್ಲ. ಬೆಳೆಯುವ ತಿಂಗಳುಗಳಲ್ಲಿ ತೆಳುವಾಗಿ ಗೊಬ್ಬರದ ನೀರು ಕೊಡುತ್ತಿರಬೇಕು, ನಡುನಡುವೆ ಬರಿಯ ನೀರು ಸುರಿದು ಉಳಿದ ಉಪ್ಪನ್ನು ತೊಳೆಯಬೇಕು. ವರ್ಷ ಎರಡು ಕಳೆದಾಗ ಪುಡಿ ನುಣುಪಾಗಿ ಕುಸಿದು ಗಾಳಿಯ ಜಾಗ ಮುಚ್ಚಿಹೋಗುತ್ತದೆ. ಆಗ ಮಿಶ್ರಣವನ್ನೇ ಬದಲಿಸಬೇಕು.

ಉಪ್ಪು ತೊಳೆಯಲು ಸಿಹಿನೀರೇ ಬೇಕು. ನಮ್ಮ ತಿಪಟೂರು, ಅರಸೀಕೆರೆ ಸೀಮೆಯಲ್ಲಿ ಆ ನೀರು ತೆಂಗನ್ನು ಸಾಕುತ್ತಿರುವ ಕೊಳವೆಬಾವಿಗಳಿಂದಲೇ ಬರಬೇಕು. ಯುರೋಪಿನ ಜೌಗು ಉಳಿಸುವ ಲೆಕ್ಕದ ಪುಸ್ತಕದಲ್ಲಿ ಈ ನೀರಿಗೆ ಒಂದು ಸಾಲು ಇರುವುದನ್ನು ನಾನಿನ್ನೂ ನೋಡಿಲ್ಲ.