ಪಾಸಿಟಿವ್ ಎಂದರೆ ಒಳ್ಳೆಯದೇ? ಲ್ಯಾಬ್ ರಿಪೋರ್ಟ್‌ನಲ್ಲಿ ಇದರ ಅರ್ಥವೇ ಬೇರೆ!

'ಸದಾ ಪಾಸಿಟಿವ್ ಆಗಿರಿ' ಎಂಬ ಮೆಸೇಜ್ ನಿಮಗೂ ಬಂದಿರುತ್ತದೆ. ಅದೇ ಪದ ಲ್ಯಾಬ್ ರಿಪೋರ್ಟ್‌ನಲ್ಲಿ ಕಂಡರೆ ಮಾತ್ರ ಗಾಬರಿಯಾಗುತ್ತದೆ. ಪದ ಒಂದೇ, ಆದರೆ ಬಳಸುವ ಜಾಗಕ್ಕೆ ತಕ್ಕಂತೆ ಅರ್ಥ ಬದಲಾಗುತ್ತದೆ.

ಮಾತಿನಲ್ಲಿ: ಪಾಸಿಟಿವ್ ಎಂದರೆ ಒಳ್ಳೆಯದು, ಭರವಸೆಯದ್ದು.

ಬ್ಯಾಟರಿಯಲ್ಲಿ: ಪ್ಲಸ್ ಗುರುತಿನ ತುದಿ ಪಾಸಿಟಿವ್, ಮೈನಸ್ ಗುರುತಿನದು ನೆಗೆಟಿವ್. ಇಲ್ಲಿ ಒಳ್ಳೆಯದು, ಕೆಟ್ಟದ್ದು ಎಂಬುದಿಲ್ಲ. ಎರಡೂ ಬೇಕು.

ರಕ್ತದ ಗುಂಪಿನಲ್ಲಿ: ಕೆಂಪು ರಕ್ತಕಣಗಳ ಮೇಲೆ ಆರ್‌ಎಚ್‌-ಡಿ ಎಂಬ ಪ್ರೋಟೀನ್ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ನೆಗೆಟಿವ್ ಗುಂಪು ಕಾಯಿಲೆಯೂ ಅಲ್ಲ, ದೌರ್ಬಲ್ಯವೂ ಅಲ್ಲ. ಆದರೆ ನೆಗೆಟಿವ್ ಗುಂಪಿನ ಗರ್ಭಿಣಿಯರು ಮೊದಲ ತಪಾಸಣೆಯಲ್ಲೇ ವೈದ್ಯರಿಗೆ ಇದನ್ನು ತಿಳಿಸಬೇಕು. ಮಗು ಪಾಸಿಟಿವ್ ಗುಂಪಿನದಾದರೆ ಮುಂದಿನ ಗರ್ಭಕ್ಕೆ ತೊಂದರೆಯಾಗದಂತೆ ಹೆರಿಗೆಯ ನಂತರ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಕೊಡಲಾಗುತ್ತದೆ.

ಲ್ಯಾಬ್ ರಿಪೋರ್ಟ್‌ನಲ್ಲಿ: ಪಾಸಿಟಿವ್ ಎಂದರೆ 'ಹುಡುಕಿದ್ದು ಸಿಕ್ಕಿತು', ನೆಗೆಟಿವ್ ಎಂದರೆ 'ಸಿಗಲಿಲ್ಲ'. ಅಷ್ಟೇ. ಅದು ಒಳ್ಳೆಯ ಸುದ್ದಿಯೋ ಅಲ್ಲವೋ ಎಂಬುದು ಏನನ್ನು ಹುಡುಕಿದರು ಎನ್ನುವುದರ ಮೇಲೆ ನಿಂತಿದೆ.

ಹೆಪಟೈಟಿಸ್ ಬಿ ಉದಾಹರಣೆ ನೋಡಿ. ಎಚ್‌ಬಿಎಸ್‌ಎಜಿ ಪಾಸಿಟಿವ್ ಎಂದರೆ ದೇಹದಲ್ಲಿ ಸೋಂಕು ಇದೆ ಎಂದರ್ಥ. ಆಂಟಿ-ಎಚ್‌ಬಿಎಸ್ ಪಾಸಿಟಿವ್ ಎಂದರೆ ಸಾಮಾನ್ಯವಾಗಿ ಲಸಿಕೆಯಿಂದ ಅಥವಾ ಹಿಂದೆ ಬಂದು ವಾಸಿಯಾದ ಸೋಂಕಿನಿಂದ ರಕ್ಷಣೆ ಸಿಕ್ಕಿದೆ ಎಂದರ್ಥ. ಒಂದೇ ಕಾಯಿಲೆ, ಎರಡು ಪಾಸಿಟಿವ್, ಅರ್ಥ ಮಾತ್ರ ತದ್ವಿರುದ್ಧ.

ನೆಗೆಟಿವ್ ಬಂದರೆ ನಿಶ್ಚಿಂತೆಯೇ?

ಯಾವಾಗಲೂ ಅಲ್ಲ. ಡೆಂಗಿಯ ಎನ್‌ಎಸ್‌1 ಪರೀಕ್ಷೆ ಜ್ವರದ ಮೊದಲ ಕೆಲವು ದಿನಗಳಲ್ಲಿ ಹೆಚ್ಚು ಉಪಯುಕ್ತ. ತಡವಾಗಿ ಮಾಡಿಸಿದರೆ ಡೆಂಗಿ ಇದ್ದರೂ ನೆಗೆಟಿವ್ ಬರಬಹುದು. ಆಗ ಐಜಿಎಂ ಪರೀಕ್ಷೆ ಬೇಕಾಗುತ್ತದೆ. ಎಚ್‌ಐವಿ ಸೋಂಕು ತಗುಲಿದ ಆರಂಭದ ದಿನಗಳಲ್ಲೂ ಪರೀಕ್ಷೆ ನೆಗೆಟಿವ್ ತೋರಿಸಬಹುದು. ಹಾಗೆಯೇ, ಕಾಯಿಲೆ ಇಲ್ಲದಿದ್ದರೂ ಕೆಲವೊಮ್ಮೆ ಪಾಸಿಟಿವ್ ಬರುವುದುಂಟು. ಅದಕ್ಕಾಗಿಯೇ ವೈದ್ಯರು ಎಷ್ಟೋ ಸಲ ಇನ್ನೊಂದು ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳುತ್ತಾರೆ.

ನೆನಪಿಡಿ: ರಿಪೋರ್ಟ್ ಕೈಗೆ ಬಂದಾಗ 'ಪಾಸಿಟಿವ್' ಪದವೊಂದನ್ನೇ ನೋಡಿ ಹೆದರಬೇಡಿ, 'ನೆಗೆಟಿವ್' ನೋಡಿ ಮಾತ್ರೆ ನಿಲ್ಲಿಸಲೂ ಬೇಡಿ. ವೈದ್ಯರನ್ನು ಎರಡು ಪ್ರಶ್ನೆ ಕೇಳಿ: ಯಾವುದನ್ನು ಹುಡುಕಿದ್ದಾರೆ? ಪರೀಕ್ಷೆ ಸರಿಯಾದ ಸಮಯಕ್ಕೆ ಆಗಿದೆಯೇ?