ಐದು ಕುರ್ಚಿ, ಒಂದು ಕೋಟಿ ಜನ

ಅಮೆರಿಕದ ಲಾಸ್ ಏಂಜಲೀಸ್ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಹುಟ್ಟಿದ್ದು 1850ರ ಫೆಬ್ರವರಿ 18ರಂದು. ಆ ವರ್ಷದ ಗಣತಿಗೆ ಸಿಕ್ಕವರು 3,530 ಜನ, ನಮ್ಮ ಕಡೆಯ ಒಂದು ದೊಡ್ಡ ಹಳ್ಳಿಯಷ್ಟು. ಮೊದಲೆರಡು ವರ್ಷ ರಸ್ತೆ, ತೆರಿಗೆಯ ವಿಚಾರವನ್ನೂ ನ್ಯಾಯಾಲಯವೇ ನೋಡಿಕೊಂಡಿತು. 1852ರಲ್ಲಿ ಚುನಾಯಿತ ಆಡಳಿತ ಮಂಡಳಿ ಬಂತು. ಅದೇ ಬೋರ್ಡ್ ಆಫ್ ಸೂಪರ್‌ವೈಸರ್ಸ್. 2025ರಲ್ಲಿ 175 ವರ್ಷ ತುಂಬಿದ ಈ ಕೌಂಟಿಯ ಚರಿತ್ರೆ ಓದುವಾಗ ನನ್ನನ್ನು ತಡೆದು ನಿಲ್ಲಿಸುವುದು ಒಂದು ಸಣ್ಣ ಅಂಕಿ: ಐದು.

1912ರಲ್ಲಿ ಮತದಾರರು ಕೌಂಟಿಗೆ ಸ್ವಂತ ಚಾರ್ಟರ್, ಅಂದರೆ ಆಡಳಿತದ ಮೂಲ ನಿಯಮಾವಳಿ, ಮಾಡಿಕೊಂಡರು. ಮಂಡಳಿಗೆ ಐವರು ಎಂದು ಅದರಲ್ಲಿ ಬರೆದಾಗ ಜನಸಂಖ್ಯೆ ಸುಮಾರು 5 ಲಕ್ಷ, ಅಂದರೆ ಒಬ್ಬ ಸದಸ್ಯನ ಪಾಲಿಗೆ ಒಂದು ಲಕ್ಷ. 2020ರ ಗಣತಿಯಲ್ಲಿ ಜನಸಂಖ್ಯೆ ಒಂದು ಕೋಟಿ ದಾಟಿತ್ತು; ಕುರ್ಚಿಗಳು ಮಾತ್ರ ಐದೇ. ಒಬ್ಬೊಬ್ಬರಿಗೆ 20 ಲಕ್ಷ ಜನ! ಕರ್ನಾಟಕದ ಒಬ್ಬ ಶಾಸಕರ ಪಾಲಿಗೆ ಬರುವುದು 2011ರ ಗಣತಿಯಂತೆ ಸರಾಸರಿ 2.7 ಲಕ್ಷ. ಅದೇ ಕೌಂಟಿಯೊಳಗಿನ ಲಾಸ್ ಏಂಜಲೀಸ್ ನಗರದಲ್ಲಿ 40 ಲಕ್ಷದಷ್ಟು ಜನರಿಗೆ 15 ಮಂದಿ ಕೌನ್ಸಿಲ್ ಸದಸ್ಯರಿದ್ದಾರೆ.

ಈ ಐವರ ಕೈಯಲ್ಲಿರುವುದು ಸಣ್ಣ ಕೆಲಸವಲ್ಲ. ಸರ್ಕಾರಿ ಆಸ್ಪತ್ರೆ, ಜೈಲು, ಅನಾಥ ಮಕ್ಕಳ ಪೋಷಣೆ, ಮನೆಯಿಲ್ಲದವರ ವಸತಿ ಎಲ್ಲದಕ್ಕೂ ಹಣ ಮಂಜೂರು ಮಾಡುವವರು ಅವರೇ. ನಿಯಮ ಮಾಡುವವರೂ ಅವರೇ, ಜಾರಿಯ ಮೇಲೆ ಕಣ್ಣಿಡುವವರೂ ಅವರೇ. ಜನ ಅವರನ್ನು 'ಐವರು ಪುಟ್ಟ ರಾಜರು' ಎಂದು ಕರೆದದ್ದು ಸುಮ್ಮನೆ ಅಲ್ಲ. ಕೆನೆತ್ ಹಾನ್ 1952ರಿಂದ 1992ರವರೆಗೆ, ನಲವತ್ತು ವರ್ಷ, ಒಂದೇ ಕುರ್ಚಿಯಲ್ಲಿ ಕುಳಿತಿದ್ದರು.

ಕೌಂಟಿಯಲ್ಲಿ 88 ನಗರಗಳಿದ್ದರೂ ಸುಮಾರು 10 ಲಕ್ಷ ಜನ ಯಾವ ನಗರಕ್ಕೂ ಸೇರಿದವರಲ್ಲ. 2025ರ ಜನವರಿಯಲ್ಲಿ ಈಟನ್ ಕಾಳ್ಗಿಚ್ಚಿಗೆ ಸಾವಿರಾರು ಮನೆ ಕಳೆದುಕೊಂಡ ಆಲ್ಟಡೀನ ಅಂಥದ್ದು. ಅಲ್ಲಿ ಮೇಯರ್ ಇಲ್ಲ. ಟೌನ್ ಕೌನ್ಸಿಲ್ ಇದೆ, ಆದರೆ ಸಲಹೆ ಕೊಡುವುದಷ್ಟೇ ಅದರ ಕೆಲಸ. ಸುಟ್ಟ ಮನೆಯ ಜಾಗದಲ್ಲಿ ಮತ್ತೆ ಮನೆ ಕಟ್ಟಲು ಪರವಾನಗಿ ಬೇಕೆಂದರೆ ಕೌಂಟಿಯ ಬಾಗಿಲೇ ತಟ್ಟಬೇಕು. ಅಲ್ಲಿ ಅವರ ಪರವಾಗಿ ಮಾತಾಡಬೇಕಾದ ಸದಸ್ಯರಿಗೆ ಒಟ್ಟು 20 ಲಕ್ಷ ಜನರ ಅಹವಾಲು ಇರುತ್ತದೆ. ಐದು ಸಾಲದು ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಕುರ್ಚಿ ಕಡಿಮೆಯಿದ್ದರೆ ಕ್ಷೇತ್ರಗಳ ಗೆರೆ ಎಳೆಯುವವನ ಕೈ ಬಲವಾಗುತ್ತದೆ. 1981ರಲ್ಲಿ ಮಂಡಳಿ ತನ್ನ ಕ್ಷೇತ್ರಗಳ ಗಡಿಯನ್ನು ತಾನೇ ಎಳೆದುಕೊಂಡಾಗ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದವರ) ಬಡಾವಣೆಗಳು ಹರಿದು ಹಂಚಿಹೋದವು. ಗಾರ್ಸಾ ಮೊಕದ್ದಮೆಯಲ್ಲಿ 1990ರಲ್ಲಿ ಫೆಡರಲ್ ನ್ಯಾಯಾಲಯ ಇದನ್ನು ಅಕ್ರಮವೆಂದಿತು. ಗಡಿ ಬದಲಾಯಿತು, 1991ರಲ್ಲಿ ಗ್ಲೋರಿಯಾ ಮೊಲಿನಾ ಗೆದ್ದರು. ಒಂದು ಶತಮಾನಕ್ಕೂ ಹೆಚ್ಚು ಕಾಲದ ಬಳಿಕ ಮಂಡಳಿಗೆ ಬಂದ ಮೊದಲ ಲ್ಯಾಟಿನೊ ಸದಸ್ಯೆ ಅವರು. ಚುನಾವಣೆಯಲ್ಲಿ ಗೆದ್ದು ಬಂದ ಮೊದಲ ಮಹಿಳೆಯೂ ಹೌದು. 1979ರಲ್ಲಿ ಇವಾನ್ ಬ್ರಾತ್‌ವೇಟ್ ಬರ್ಕ್ ಎಂಬ ಮಹಿಳೆ ಬಂದಿದ್ದರೂ ಅದು ನೇಮಕದ ಮೂಲಕ. ಏಷ್ಯಾ ಮೂಲದವರು ಲಕ್ಷಗಟ್ಟಲೆ ಇದ್ದರೂ, ಆರ್ಟೀಷಿಯದ ಪಯನೀರ್ ಬುಲೆವಾರ್ಡಿನಲ್ಲಿ ನಮ್ಮವರ ಅಂಗಡಿಗಳು ಸಾಲುಗಟ್ಟಿದ್ದರೂ, ಅವರಲ್ಲಿ ಒಬ್ಬರೂ ಆ ಮಂಡಳಿಗೆ ಗೆದ್ದು ಬಂದಿರಲಿಲ್ಲ.

ಕುರ್ಚಿ ಹೆಚ್ಚಿಸುವ ಪ್ರಸ್ತಾವ 1992ರಲ್ಲೂ 2000ದಲ್ಲೂ ಮತಪೆಟ್ಟಿಗೆಯಲ್ಲಿ ಬಿದ್ದುಹೋಯಿತು. ರಾಜಕಾರಣಿಗಳು ಹೆಚ್ಚಾದರೆ ಖರ್ಚೂ ಹೆಚ್ಚು ಎಂಬ ಅಳುಕು ಜನರಲ್ಲಿತ್ತು. ಆ ಅಳುಕನ್ನು ನಾನು ಹಗುರವಾಗಿ ಕಾಣಲಾರೆ. ತೆರಿಗೆ ಕಟ್ಟುವವರ ಮಾತು ಅದು. 2024ರಲ್ಲಿ ಮಂಡಳಿಯ ಸದಸ್ಯೆಯರಾದ ಲಿಂಡ್ಸಿ ಹೊರ್ವಾತ್ ಮತ್ತು ಕೆನೆತ್ ಹಾನ್ ಅವರ ಮಗಳು ಜಾನಿಸ್ ಹಾನ್ ಮುಂದೆ ನಿಂತು, ಕುರ್ಚಿಗಳನ್ನು ಒಂಬತ್ತಕ್ಕೆ ಏರಿಸುವ 'ಮೆಷರ್ ಜಿ' ಪ್ರಸ್ತಾವವನ್ನು ಮತದಾರರ ಮುಂದೆ ತಂದರು. ನಲವತ್ತು ವರ್ಷ ಐವರಲ್ಲಿ ಒಬ್ಬರಾಗಿದ್ದವರ ಮಗಳೇ ಒಂಬತ್ತು ಮಂದಿ ಬೇಕೆಂದದ್ದು ನನಗೆ ಬಹಳ ಇಷ್ಟವಾದ ಸಂಗತಿ. ಹೊಸ ತೆರಿಗೆ ಹಾಕದೆ ಇರುವ ಹಣದಲ್ಲೇ ನಡೆಸುವ ಷರತ್ತೂ ಅದರಲ್ಲಿತ್ತು. ನವೆಂಬರಿನಲ್ಲಿ ಅದು ಗೆದ್ದದ್ದು ಕೂದಲೆಳೆಯ ಅಂತರದಲ್ಲಿ, ಶೇ. 51ರ ಆಸುಪಾಸಿನ ಮತದಿಂದ. ಜನರೇ ಆರಿಸುವ ಕೌಂಟಿ ಮುಖ್ಯಾಧಿಕಾರಿಯ ಹುದ್ದೆಯೂ ಅದರೊಂದಿಗೇ ಮಂಜೂರಾಯಿತು.

ಒಂಬತ್ತಾದರೂ ಒಬ್ಬರ ಪಾಲಿಗೆ 11 ಲಕ್ಷ ಉಳಿಯುತ್ತದೆ. ನನ್ನ ಮಟ್ಟಿಗೆ ಅದೂ ಹೆಚ್ಚೇ. ಹೊಸ ಕುರ್ಚಿಗಳಿಗೆ ಚುನಾವಣೆ 2032ರಲ್ಲಿ. ಅದಕ್ಕೂ ಮೊದಲು 2030ರ ಗಣತಿ ಮುಗಿಯಬೇಕು, ಒಂಬತ್ತು ಕ್ಷೇತ್ರಗಳ ಗಡಿ ಎಳೆಯಬೇಕು. 1981ರಲ್ಲಿ ಆ ಪೆನ್ಸಿಲ್ ಇದ್ದದ್ದು ಕುರ್ಚಿಯಲ್ಲಿ ಕುಳಿತವರ ಕೈಯಲ್ಲಿ. 2021ರಿಂದ ಅದು 14 ನಾಗರಿಕರ ಸ್ವತಂತ್ರ ಆಯೋಗದ ಕೈಯಲ್ಲಿದೆ.