ಕೇಸರಿ ಬೇಳೆಯ ವಿಷ ಮತ್ತು ಮಿದುಳಿನ ಗ್ರಾಹಿಗಳು

ಬರಗಾಲದಲ್ಲಿ ಬೇರೆ ಬೆಳೆಗಳು ಒಣಗಿದರೂ ಉಳಿದುಕೊಳ್ಳುವ ದ್ವಿದಳ ಧಾನ್ಯ ಕೇಸರಿ ಬೇಳೆ. ಸಸ್ಯವಿಜ್ಞಾನದಲ್ಲಿ ಇದರ ಹೆಸರು ಲ್ಯಾಥಿರಸ್ ಸಟೈವಸ್. ತೊಗರಿಬೇಳೆಯನ್ನು ಹೋಲುವ ಇದು ಮಧ್ಯಪ್ರದೇಶ, ಬಿಹಾರ ಮುಂತಾದ ಕಡೆ ಬಡ ಕೂಲಿಕಾರರ ಮುಖ್ಯ ಆಹಾರವಾಗಿತ್ತು. ಎಷ್ಟೋ ವೇಳೆ ಕೂಲಿಯೇ ಈ ಕಾಳಿನ ರೂಪದಲ್ಲಿ ಸಿಗುತ್ತಿತ್ತು. ಕೆಲವು ತಿಂಗಳು ಇದನ್ನೇ ಹೆಚ್ಚಾಗಿ ತಿಂದವರಲ್ಲಿ ಕೆಲವರ ಕಾಲುಗಳು ಸೆಟೆದುಕೊಂಡು, ಊರುಗೋಲಿಲ್ಲದೆ ನಡೆಯಲಾಗದ ಸ್ಥಿತಿ ಬರುತ್ತಿತ್ತು. ಬುದ್ಧಿಗೆ, ಕೈಗಳಿಗೆ ಸಾಮಾನ್ಯವಾಗಿ ತೊಂದರೆ ಇರುತ್ತಿರಲಿಲ್ಲ. ಆದರೆ ಕಾಲುಗಳು ಮತ್ತೆ ಸರಿಹೋಗುತ್ತಿರಲಿಲ್ಲ. 1873ರಲ್ಲಿ ಇಟಲಿಯ ವೈದ್ಯ ಕ್ಯಾಂಟಾನಿ ಈ ಕಾಯಿಲೆಯನ್ನು ಲ್ಯಾಥಿರಿಸಂ ಎಂದು ಕರೆದರು. 1961ರಲ್ಲಿ ಭಾರತ ಸರ್ಕಾರ ಈ ಬೇಳೆಯ ಮಾರಾಟವನ್ನು ನಿಷೇಧಿಸಿತು.

ಕಾಳಿನಲ್ಲಿರುವ ವಿಷ ಯಾವುದು? ಅದು ಕಾಲುಗಳ ಚಲನೆಯನ್ನು ನಿಯಂತ್ರಿಸುವ ನರಕೋಶಗಳನ್ನೇ ಏಕೆ ಕೊಲ್ಲುತ್ತದೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವ ಕೆಲಸದ ದೊಡ್ಡ ಪಾಲು ನಡೆದದ್ದು ಬೆಂಗಳೂರಿನಲ್ಲಿ.

ಮೊದಲ ಉತ್ತರ ಮಲ್ಲೇಶ್ವರಕ್ಕೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂತು. ಅಲ್ಲಿನ ಜೀವರಸಾಯನ ವಿಭಾಗದ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ ಅವರು ಕಾಳಿನಿಂದ ಒಂದು ಅಮೈನೊ ಆಮ್ಲವನ್ನು ಬೇರ್ಪಡಿಸಿದರು. ಅದನ್ನು ಒಂದು ದಿನದ ಕೋಳಿಮರಿಗಳಿಗೆ ಚುಚ್ಚಿದಾಗ ಸೆಳವು ಕಾಣಿಸಿಕೊಂಡಿತು. 1964ರಲ್ಲಿ ಅವರು ಅದರ ರಚನೆಯನ್ನು ಪ್ರಕಟಿಸಿದರು. ಇಂದು ಅದನ್ನು ಚಿಕ್ಕದಾಗಿ ಓಡ್ಯಾಪ್ ಎನ್ನುತ್ತಾರೆ. ಅದೇ ವರ್ಷ ದೆಹಲಿಯ ಟಿ.ಆರ್. ಶೇಷಾದ್ರಿ ಅವರ ತಂಡವೂ ಸ್ವತಂತ್ರವಾಗಿ ಇದೇ ವಸ್ತುವನ್ನು ವರದಿ ಮಾಡಿತು.

ಎರಡನೆಯ ಉತ್ತರಕ್ಕೆ ಮಿದುಳಿನ ಗ್ರಾಹಿಗಳ ಅರಿವು ಬೇಕಿತ್ತು. ಒಂದು ನರಕೋಶ ಇನ್ನೊಂದಕ್ಕೆ ಸಂಕೇತ ಕಳುಹಿಸುವಾಗ ಬಹಳಷ್ಟು ಸಂದರ್ಭಗಳಲ್ಲಿ ಗ್ಲುಟಮೇಟ್ ಎಂಬ ಅಮೈನೊ ಆಮ್ಲವನ್ನು ಹೊರಬಿಡುತ್ತದೆ. ಅದು ಎದುರಿನ ಕೋಶದ ಪೊರೆಯಲ್ಲಿರುವ ಗ್ರಾಹಿಗೆ ಕೂಡಿಕೊಂಡಾಗ ಅಯಾನುಗಳ ದಾರಿ ತೆರೆದುಕೊಳ್ಳುತ್ತದೆ. 1969ರಲ್ಲಿ ಅಮೆರಿಕದ ಜಾನ್ ಓಲ್ನಿ, ಇದೇ ಗ್ಲುಟಮೇಟ್ ಅತಿಯಾದರೆ ನರಕೋಶಗಳು ಸಾಯುತ್ತವೆ ಎಂದು ತೋರಿಸಿದರು. ಓಡ್ಯಾಪ್ ಅಣು ಗ್ಲುಟಮೇಟನ್ನು ಹೋಲುತ್ತದೆ. ಗ್ಲುಟಮೇಟ್ ಗ್ರಾಹಿಗಳಲ್ಲಿ ಆಂಪಾ ಎಂಬ ಬಗೆಯನ್ನು ಅದು ಪ್ರಚೋದಿಸುತ್ತದೆ ಎಂಬುದು 1980ರ ದಶಕದಲ್ಲಿ ಸ್ಪಷ್ಟವಾಯಿತು.

ಇಲ್ಲಿ ಸ್ವಲ್ಪ ಭೌತವಿಜ್ಞಾನವನ್ನು ನೆನಪಿಸಿಕೊಳ್ಳಬೇಕು. ನರಕೋಶದ ಪೊರೆಯ ಒಳ ಮತ್ತು ಹೊರ ಬದಿಗಳ ನಡುವೆ ಸುಮಾರು 70 ಮಿಲಿವೋಲ್ಟ್ ವಿಭವಾಂತರವಿದೆ. ಇದು ಅಲ್ಪವೆನಿಸಬಹುದು. ಆದರೆ ಪೊರೆಯ ದಪ್ಪ ಸುಮಾರು 5 ನ್ಯಾನೊಮೀಟರ್. ಭಾಗಿಸಿ ನೋಡಿದರೆ ವಿದ್ಯುತ್ ಕ್ಷೇತ್ರ ಮೀಟರಿಗೆ 1.4 ಕೋಟಿ ವೋಲ್ಟ್! ಒಣ ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಸಾಕು. ಈ ವಿಭವಾಂತರವನ್ನು ಕಾಯ್ದುಕೊಳ್ಳಲು ಕೋಶ ಸೋಡಿಯಂ ಅಯಾನುಗಳನ್ನು ಸದಾ ಹೊರಕ್ಕೆ ಪಂಪು ಮಾಡುತ್ತಿರಬೇಕು. ದೇಹತೂಕದ ಶೇಕಡ 2ರಷ್ಟಿರುವ ಮಿದುಳು ವಿಶ್ರಾಂತಿಯಲ್ಲಿಯೂ ದೇಹದ ಶಕ್ತಿಯಲ್ಲಿ ಶೇಕಡ 20ರಷ್ಟನ್ನು ಬಳಸುವುದಕ್ಕೆ ಇದು ಒಂದು ಮುಖ್ಯ ಕಾರಣ.

ಈ ಶಕ್ತಿಯನ್ನು ಪೂರೈಸುವುದು ಮೈಟೊಕಾಂಡ್ರಿಯಾ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರಸಾಯನ ವಿಜ್ಞಾನಿಯಾಗಿದ್ದ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ಗಮನ ಹರಿದದ್ದು ಇತ್ತ. ಓಡ್ಯಾಪ್ ಮೈಟೊಕಾಂಡ್ರಿಯಾದ ಶಕ್ತಿ ಸರಪಳಿಯ ಮೊದಲ ಕೊಂಡಿಯಾದ ಕಾಂಪ್ಲೆಕ್ಸ್-1 ಕಿಣ್ವವನ್ನು ಕುಗ್ಗಿಸುತ್ತದೆ ಎಂದು 1993ರಲ್ಲಿ ಅವರ ತಂಡ ವರದಿ ಮಾಡಿತು. 1998ರ ಪ್ರಬಂಧ ಇನ್ನೂ ಮುಖ್ಯವಾದುದು. ಇಲಿಗಳಲ್ಲಿ ಈ ಹಾನಿ ಕಂಡದ್ದು ಮಿದುಳಿನ ಚಲನಾ ಭಾಗದಲ್ಲಿ ಮತ್ತು ಬೆನ್ನುಹುರಿಯ ಸೊಂಟದ ಭಾಗದಲ್ಲಿ, ಅಂದರೆ ಕಾಲುಗಳನ್ನು ಆಡಿಸುವ ನರಗಳ ನೆಲೆಯಲ್ಲಿ. ನರಕೋಶ ಸಾಯುವುದಕ್ಕೆ ಮೊದಲೇ ಕಿಣ್ವ ಸೋತಿತ್ತು. ಕಿಣ್ವದ ಗಂಧಕಯುಕ್ತ ಗುಂಪುಗಳು ಉತ್ಕರ್ಷಣೆಗೊಂಡದ್ದೇ ಈ ಸೋಲಿಗೆ ಕಾರಣ. ಅವನ್ನು ರಕ್ಷಿಸುವ ವಸ್ತುಗಳನ್ನು ಮೊದಲೇ ಕೊಟ್ಟಾಗ ಹಾನಿ ತಪ್ಪಿತು.

ಈಗ ಇಡೀ ಸರಪಳಿ ಕಾಣುತ್ತದೆ. ಗ್ರಾಹಿ ಅತಿಯಾಗಿ ತೆರೆಯುತ್ತದೆ, ಅಯಾನುಗಳು ಒಳನುಗ್ಗುತ್ತವೆ, ಮೈಟೊಕಾಂಡ್ರಿಯಾ ಸೋಲುತ್ತದೆ, ಪಂಪುಗಳು ನಿಧಾನವಾಗುತ್ತವೆ, ವಿಭವಾಂತರ ಕುಸಿದು ಇನ್ನಷ್ಟು ಗ್ರಾಹಿಗಳು ತೆರೆದುಕೊಳ್ಳುತ್ತವೆ. ಇದೊಂದು ವಿಷಚಕ್ರ.

ಲ್ಯಾಥಿರಿಸಂ ಯುವಕರಲ್ಲಿ ಹೆಚ್ಚು, ಮಹಿಳೆಯರಲ್ಲಿ ಕಡಿಮೆ. ಇದಕ್ಕೂ ರವೀಂದ್ರನಾಥ್ ತಂಡ ಸುಳಿವು ನೀಡಿದೆ. ಉತ್ಕರ್ಷಣೆಗೊಂಡ ಗುಂಪುಗಳನ್ನು ಸರಿಪಡಿಸುವ ಗ್ಲುಟರೆಡಾಕ್ಸಿನ್ ಎಂಬ ಕಿಣ್ವ ಹೆಣ್ಣು ಇಲಿಗಳಲ್ಲಿ ಹೆಚ್ಚಾಗಿದೆ. ಈಸ್ಟ್ರೋಜನ್ ಗ್ರಾಹಿಯನ್ನು ತಡೆದಾಗ ಈ ರಕ್ಷಣೆ ತಗ್ಗಿತು.

ಈ ತಿಳಿವಳಿಕೆ ಒಂದು ಕಾಳಿಗೆ ಸೀಮಿತವಲ್ಲ. ತಲೆಗೆ ಪೆಟ್ಟು ಬಿದ್ದಾಗ, ಪಾರ್ಶ್ವವಾಯುವಾದಾಗ ಕೂಡ ಗ್ಲುಟಮೇಟ್ ಅತಿಯಾಗಿ ಹೊರಬರುತ್ತದೆ. ಪಾರ್ಕಿನ್ಸನ್ ರೋಗದಲ್ಲಿಯೂ ಕಾಂಪ್ಲೆಕ್ಸ್-1 ಕುಗ್ಗಿರುತ್ತದೆ. ಆದರೆ ಚಿಕಿತ್ಸೆ ಸುಲಭವಾಗಿಲ್ಲ. ಪಾರ್ಶ್ವವಾಯುವಿಗೆಂದು ಪರೀಕ್ಷಿಸಿದ ಗ್ಲುಟಮೇಟ್ ತಡೆಗಳು ಮನುಷ್ಯರಲ್ಲಿ ಫಲ ಕೊಡಲಿಲ್ಲ. ಗ್ಲುಟಮೇಟ್ ಇಲ್ಲದೆ ನೆನಪೂ ಇಲ್ಲ, ಕಲಿಕೆಯೂ ಇಲ್ಲ. ಅದನ್ನು ಪೂರ್ತಿ ತಡೆಯುವಂತಿಲ್ಲ.

ಸತ್ತ ನರಕೋಶವನ್ನು ಮರಳಿ ತರಲಾಗದಿದ್ದರೂ ಕಾಯಿಲೆಯನ್ನು ತಡೆಯಲು ಸಾಧ್ಯ. ಓಡ್ಯಾಪ್ ನೀರಿನಲ್ಲಿ ಕರಗುವುದರಿಂದ ಬಿಸಿನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿದರೆ ವಿಷದ ಹೆಚ್ಚಿನ ಪಾಲು ಹೊರಹೋಗುತ್ತದೆ. ರತನ್, ಪ್ರತೀಕ್, ಮಹಾತೇವ್ಡಾ ಎಂಬ ಕಡಿಮೆ ಓಡ್ಯಾಪ್‌ನ ತಳಿಗಳೂ ಬಂದಿವೆ. ವಿಷ ಯಾವುದೆಂದು 1964ರಲ್ಲಿ ಗೊತ್ತಾಗದೆ ಇದ್ದಿದ್ದರೆ, ಯಾವ ತಳಿಯಲ್ಲಿ ಅದು ಎಷ್ಟಿದೆಯೆಂದು ಅಳೆಯುವುದು ಸಾಧ್ಯವೇ ಆಗುತ್ತಿರಲಿಲ್ಲ.